ತಿಪಟೂರಿನಲ್ಲಿ ಸಮುದ್ರ ಬರೆದ ವರ್ಷಗಳು

ನಾನು ಬರೆದ ಮೊದಲ ಸಮುದ್ರ ಒಬ್ಬ ಮದುಮಗಳ ಕುತ್ತಿಗೆ ಕೊಯ್ದಿತು.

ತಿಪಟೂರಿನ ಪೇಟೆಯಲ್ಲಿ ಬಸಣ್ಣನವರದೊಂದು ಫೋಟೋ ಸ್ಟುಡಿಯೋ ಇತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾದವರು, ಮಗುವಿಗೆ ವರ್ಷ ತುಂಬಿಸಿದವರು ಬಂದು ಬಣ್ಣದ ಪರದೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲ. ಸ್ಟುಡಿಯೋದಲ್ಲಿ ಆಗ ಇದ್ದದ್ದು ಒಂದೇ ಪರದೆ: ಅರಮನೆಯ ಮೆಟ್ಟಿಲು, ಪಕ್ಕದಲ್ಲೊಂದು ಹೂದಾನಿ. ಜನಕ್ಕೆ ಅದನ್ನು ನೋಡಿ ನೋಡಿ ಸಾಕಾಗಿತ್ತು. ಹೊಸದು ಬೇಕೆಂದು ಬಸಣ್ಣ ನನ್ನ ಗುರುಗಳಾದ ವೀರಭದ್ರಪ್ಪ ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರ ಕೈತುಂಬ ನಾಟಕದ ಸೀನರಿ ಕೆಲಸ ಇದ್ದದ್ದರಿಂದ ಪರದೆ ನನ್ನ ಪಾಲಿಗೆ ಬಂತು.

ಹತ್ತಡಿ ಎತ್ತರ, ಹನ್ನೆರಡಡಿ ಅಗಲದ ಕೋರಾ ಬಟ್ಟೆ. ಖಾಲಿ ಬಿದ್ದಿದ್ದ ಕೊಬ್ಬರಿ ಗೋದಾಮಿನ ನೆಲದ ಮೇಲೆ ಅದನ್ನು ಹಾಸಿ, ಕ್ಯಾಲೆಂಡರಿನ ಚಿತ್ರದ ನೀರನ್ನಷ್ಟೇ ನೋಡಿಕೊಂಡು, ಹದಿನೈದು ದಿನ ಮಂಡಿಯೂರಿ ಸಮುದ್ರ ಬರೆದೆ. ಮೇಲೆ ಆಕಾಶ, ಕೆಳಗೆ ನೀರು, ನಡುವೆ ಅಳತೆಪಟ್ಟಿ ಇಟ್ಟು ಎಳೆದ ನೇರವಾದ ಗೆರೆ. ನೆಲದ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಅದರ ಮುಂದೆ ನಿಂತ ಮೊದಲ ಮದುಮಗಳ ಫೋಟೋ ತೊಳೆದು ಬಂದಾಗ ಬಸಣ್ಣ ನನ್ನನ್ನು ಕರೆಸಿದರು.

"ನೋಡಪ್ಪ ಚಿತ್ತಯ್ಯ, ಏನ್ ಮಾಡಿದೀಯ ಅಂತ."

ನೋಡಿದೆ. ಕಡುನೀಲಿಯ ಗೆರೆ ಆ ಹುಡುಗಿಯ ಕುತ್ತಿಗೆಯ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬಂದಂತಿತ್ತು. ತಲೆ ಬೇರೆ, ಮೈ ಬೇರೆ. ಹುಡುಗಿಯ ಅತ್ತೆ ಫೋಟೋ ನೋಡಿ, "ಅಪಶಕುನ, ಇದನ್ನ ಮನೆಯೊಳಕ್ಕೆ ತರಬ್ಯಾಡ್ರಿ" ಎಂದು ಅಲ್ಲೇ ಬಿಟ್ಟು ಹೋಗಿದ್ದರಂತೆ.

ಮೇಷ್ಟ್ರು ಬಂದರು, ಪರದೆ ನೋಡಿದರು, ನನ್ನನ್ನು ನೋಡಿದರು. ಅವರು ಬೈಯುವುದು ಕಡಿಮೆ, ಹೊಗಳುವುದು ಇನ್ನೂ ಕಡಿಮೆ.

"ಪರದೆ ಬರೀವಾಗ ಅದ್ರ ಮುಂದೆ ಮನ್ಷ ನಿಂತ್ಕತಾನೆ ಅನ್ನೋದು ನಿನ್ ತಲೇಲಿತ್ತೇನ್ಲಾ?"

ಇರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಸಮುದ್ರ ಮಾತ್ರ.

ಮೇಷ್ಟ್ರು ಪರದೆ ಬಿಚ್ಚಿಸಿ, ಗೆರೆಯನ್ನು ಸೊಂಟದ ಕೆಳಕ್ಕೆ ಇಳಿಸು ಎಂದರು. ಅಷ್ಟಕ್ಕೆ ಇಡೀ ಆಕಾಶವನ್ನು ಮತ್ತೆ ಬರೆಯಬೇಕಿತ್ತು. ಎರಡು ದಿನ ಯೋಚಿಸಿದೆ. ಆಮೇಲೆ ಜನ ನಿಲ್ಲುವ ಜಾಗದ ಹಿಂದೆ, ತಲೆ ಮತ್ತು ಹೆಗಲು ಬರುವಲ್ಲಿ, ಗೆರೆ ಮುಚ್ಚುವಂತೆ ಒಂದು ದ್ವೀಪ ಬರೆದೆ. ಮಸುಕು ಹಸಿರಿನ ದಿಣ್ಣೆ, ಅದರ ಮೇಲೆ ತೆಂಗಿನ ಸಾಲು. ಬಸಣ್ಣ ತಮ್ಮ ಹೆಂಡತಿಯನ್ನೇ ನಿಲ್ಲಿಸಿ ಒಂದು ಫೋಟೋ ತೆಗೆದರು. ಕುತ್ತಿಗೆ ಉಳಿದುಕೊಂಡಿತು. ಅವತ್ತು ತಪ್ಪು ಮುಚ್ಚಲು ಬರೆದ ದ್ವೀಪವೇ ಮುಂದೆ ನನ್ನ ಕಸುಬಾಯಿತು. ಸುತ್ತಿನ ಮೂರು ತಾಲೂಕಿನಲ್ಲಿ ನನ್ನನ್ನು ದ್ವೀಪದ ಚಿತ್ತಯ್ಯ ಎಂದೇ ಕರೆದರು.

ಬಲಗೈ ಹೆಗಲ ಮೇಲಕ್ಕೆ ಏಳುವುದು ನಿಂತ ಮೇಲೆ ನಾನು ಕುಂಚ ಕೆಳಗಿಟ್ಟೆ. ಈಚೆಗೆ ಚಿಕ್ಕನಾಯಕನಹಳ್ಳಿಯ ಒಬ್ಬ ಡ್ರಾಯಿಂಗ್ ಮೇಷ್ಟ್ರು, ತಮ್ಮ ಮಕ್ಕಳಿಗೆ ಈ ಕೆಲಸದ ಬಗ್ಗೆ ಎರಡು ಮಾತು ಹೇಳಿ ಎಂದು ಕರೆದಿದ್ದರು. ಹೋದೆ, ನಿಂತೆ, ನಾಲಗೆ ಹೊರಳಲಿಲ್ಲ. ಚಹಾ ಕುಡಿದು ವಾಪಸು ಬಂದೆ. ಅವತ್ತು ಆಡಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮದು ಹುಳಿಯಾರಿನ ಕಡೆ, ಕೆಂಕೆರೆಯ ಆಚೆ ಒಂದು ಹಟ್ಟಿ. ಕುರಿ ಮೇಕೆಯ ಮನೆತನ. ನೀರೆಂದರೆ ನಮಗೆ ಬಾವಿಯ ತಳದಲ್ಲಿ ಇಣುಕಿ ನೋಡಬೇಕಾದ ವಸ್ತು. ಸುಣ್ಣದ ಗೋಡೆಯ ಮೇಲೆ ಇದ್ದಿಲಲ್ಲಿ ಟಗರು ಬರೆಯುತ್ತಿದ್ದ ನನ್ನನ್ನು ಸೋದರಮಾವ ತಿಪಟೂರಿಗೆ ಕರೆತಂದು ಮೇಷ್ಟ್ರ ಹತ್ತಿರ ಬಿಟ್ಟರು. ಆರು ವರ್ಷ ಬರೀ ಅಕ್ಷರ. ಅಂಗಡಿಯ ಬೋರ್ಡು, ಲಾರಿಯ ಹಣೆ, ಬಾವಿ ತೋಡುವವರ ಜಾಹೀರಾತು. ಒಂದು ಕೊಬ್ಬರಿ ಮಂಡಿಯ ಬೋರ್ಡು ಬರೆಯುವಾಗ ಒಳಗಿನ ಗೋಡೆಯಲ್ಲಿ ಆ ಕ್ಯಾಲೆಂಡರು ಕಂಡಿತು. ಅಂಗೈಯಗಲದ ನೆಲ, ನಾಲ್ಕೂ ಕಡೆ ನೀರು, ನೆಲದ ತುಂಬ ತೆಂಗು. ತೆಂಗು ನಮ್ಮ ಸೀಮೆಯದೇ, ನೀರು ಮಾತ್ರ ನಾನು ಕನಸಿನಲ್ಲೂ ಕಾಣದ್ದು. ವರ್ಷ ಮುಗಿದ ಮೇಲೆ ಮಂಡಿಯವರನ್ನು ಕೇಳಿ ಅದನ್ನು ಮನೆಗೆ ತಂದುಕೊಂಡೆ. ದ್ವೀಪದ ಹುಚ್ಚು ನನಗೆ ಹಿಡಿದದ್ದು ಹಾಗೆ.

ಮೊದಲ ಪರದೆಯ ನಂತರ ಬೇರೆ ಸ್ಟುಡಿಯೋದವರೂ ಕೇಳಿದರು. ಎರಡನೆಯದು, ಮೂರನೆಯದು ಬರೆದೆ. ಗರ್ವ ಬಂತು. ಅದನ್ನು ಇಳಿಸಿದವನು ಕೆಂಪಣ್ಣ.

ಕೆಂಪಣ್ಣ ನೊಣವಿನಕೆರೆ ಕಡೆಯವನು, ತೋಟಗಳಲ್ಲಿ ಮರ ಹತ್ತಿ ಕಾಯಿ ಕೀಳುವುದು ಅವನ ಕೆಲಸ. ಪಕ್ಕದ ಗೋದಾಮಿಗೆ ಗಾಡಿಯ ಜೊತೆ ಬಂದವನು ಒಳಕ್ಕೆ ಬಂದು ನನ್ನ ಪರದೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇದ್ಯಾವ ಮರ ಕಣಪ್ಪ?"

"ತೆಂಗಿನ ಮರ ಕಣಣ್ಣ. ಕಾಣಲ್ವಾ?"

"ತೆಂಗಾ?" ಎಂದು ಇನ್ನೂ ಹತ್ತಿರ ಬಂದ. "ಗರಿ ಎಲ್ಲಾ ಒಂದೇ ಕಡೆಯಿಂದ ಹುಟ್ಟವೆ, ಕೊಡೆ ಕಡ್ಡಿ ಇದ್ದಂಗೆ. ಕಾಯಿ ಎಲ್ಲಿ ಕಚ್ಚಬೇಕು ಇದ್ರಾಗೆ? ಈ ಮರ ನಾನಂತೂ ಹತ್ತಲ್ಲ ಬುಡು. ಅರ್ಧಕ್ಕೇ ಮುರ್ಕಂಡು ಬೀಳ್ತದೆ."

ಜೊತೆಗಿದ್ದ ಹಮಾಲರು ನಕ್ಕರು. ನನಗೆ ಸಿಟ್ಟು ಬಂತು. ಆದರೆ ಅವತ್ತು ರಾತ್ರಿಯೂಟಕ್ಕೆ ಕುಳಿತಾಗ ಹೊಳೆಯಿತು: ತೆಂಗಿನ ಸೀಮೆಯಲ್ಲೇ ಹುಟ್ಟಿ ಬೆಳೆದ ನಾನು ಒಂದು ತೆಂಗಿನ ಮರವನ್ನೂ ಸರಿಯಾಗಿ ನೋಡಿರಲಿಲ್ಲ. ಕ್ಯಾಲೆಂಡರಿನ ಮರಗಳನ್ನೇ ನಕಲು ಮಾಡಿದ್ದೆ. ಮುಂದಿನ ಭಾನುವಾರ ಕೆಂಪಣ್ಣನನ್ನು ಹುಡುಕಿಕೊಂಡು ಹೋದೆ.

ಅವನು ನನ್ನನ್ನು ಒಂದು ಮರದ ಬುಡದಲ್ಲಿ ಅಂಗಾತ ಮಲಗಿಸಿದ.

"ಮ್ಯಾಲೆ ನೋಡು. ನಡುಮಧ್ಯ ನೆಟ್ಟಗೆ ನಿಂತೈತಲ್ಲ, ಅದು ಸುಳಿ. ಅಲ್ಲಿಂದ ತಿಂಗಳಿಗೊಂದು ಗರಿ ಬಿಚ್ಚ್ಕತದೆ. ಒಂದು ಈ ಕಡೆಗಾದ್ರೆ ಮುಂದಿಂದು ವಸಿ ಆ ಕಡೆಗೆ. ಸುತ್ತ್ಕಂಡು ಸುತ್ತ್ಕಂಡು ಬತ್ತದೆ. ಗರಿಗೊಂದು ಗೊನೆ. ಮ್ಯಾಲಿನ ಗರಿ ಸಂದೀಲಿ ಹೊಂಬಾಳೆ, ಅದ್ರ ಕೆಳಗೆ ಗೋಲಿಯಷ್ಟು ಹರಳುಗಾಯಿ, ಅದ್ರ ಕೆಳಗೆ ಎಳ್ನೀರು, ತಳದಾಗೆ ಬಲಿತ ಕಾಯಿ. ಮರದ ತಲೆ ನೋಡಿದ್ರೆ ವರ್ಸದ ತಿಂಗಳೆಲ್ಲಾ ಒಟ್ಟಿಗೇ ಕಾಣ್ತವೆ ಕಣ್ಲಾ."

ನಾಲ್ಕು ತಿಂಗಳು, ಭಾನುವಾರ ತಪ್ಪಿಸದೆ ಹೋದೆ. ಪುಸ್ತಕದ ತುಂಬ ಗರಿ, ಗೊನೆ, ಬೊಡ್ಡೆಯ ಮೇಲಿನ ಉಂಗುರದ ಗುರುತು. ಭಾರವಾದ ಗೊನೆಯ ಕಡೆಗೆ ಗರಿ ಹೇಗೆ ಜಗ್ಗುತ್ತದೆ, ಗಾಳಿ ಬಂದಾಗ ಗರಿಯ ಬೆನ್ನು ಎಷ್ಟು ಬೆಳ್ಳಗೆ ಹೊಳೆಯುತ್ತದೆ, ಎಲ್ಲ ಬರೆದುಕೊಂಡೆ. ನಾಲ್ಕನೆಯ ಪರದೆಯನ್ನು ಕೆಂಪಣ್ಣನಿಗೆ ತೋರಿಸಿದೆ. ಬರೆದ ಬೊಡ್ಡೆಯನ್ನು ಅಂಗೈಯಿಂದ ತಟ್ಟಿ, "ಇದನ್ನ ಹತ್ತಬೋದು" ಎಂದ. ಅವನಿಂದ ಬಂದ ಆ ಪ್ರಮಾಣಪತ್ರ ನನಗೆ ಸಾಕಿತ್ತು.

ಈ ಕೆಲಸಕ್ಕೆ ಬರುವ ಮಕ್ಕಳಿಗೆ ಒಂದು ಮಾತು. ನಿಮ್ಮ ಚಿತ್ರದಲ್ಲಿ ಮರವಿದ್ದರೆ ಮರ ಹತ್ತುವವನಿಗೆ ತೋರಿಸಿ, ಎಮ್ಮೆಯಿದ್ದರೆ ಹಾಲು ಕರೆಯುವವಳಿಗೆ ತೋರಿಸಿ. ಚಿತ್ರ ಬಲ್ಲವರು ಆಮೇಲೆ ನೋಡಲಿ.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಆಗ ಪುಡಿಬಣ್ಣಕ್ಕೆ ಕಾಯಿಸಿದ ಅಂಟು ಕಲಸಿ ಬಳಿಯುತ್ತಿದ್ದೆವು. ಅಂಟು ಹೆಚ್ಚಾದರೆ ಪರದೆ ಸುತ್ತಿಡುವಾಗ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಮುಟ್ಟಿದವರ ಕೈಗೆ ಬರುತ್ತದೆ. ಒಂದು ಮಳೆಗಾಲದಲ್ಲಿ ಬಸಣ್ಣನವರಿಗೆ ಇನ್ನೊಂದು ಪರದೆ ಬರೆಯುವಾಗ ಅವಸರಕ್ಕೆ ಬಿದ್ದು ಅಂಟು ಕಡಿಮೆ ಹಾಕಿದೆ. ತುರುವೇಕೆರೆಯಿಂದ ಒಬ್ಬ ಜವಳಿ ವ್ಯಾಪಾರಿ ಮನೆಯವರನ್ನೆಲ್ಲ ಕರೆತಂದಿದ್ದರು. ಅಣ್ಣತಮ್ಮಂದಿರು ಐವರು, ಐವರದೂ ಗರಿಗರಿ ಬಿಳಿ ಅಂಗಿ. ಜಾಗ ಸಾಲದೆ ಪರದೆಗೆ ಒರಗಿ ನಿಂತರು. ಫೋಟೋ ಮುಗಿಸಿ ಬಸ್ ಸ್ಟ್ಯಾಂಡಿನವರೆಗೂ ನಡೆದು ಹೋದರು, ಐವರ ಬೆನ್ನ ಮೇಲೂ ನನ್ನ ಸಮುದ್ರ! ಯಾರೋ ಹೇಳಿದ ಮೇಲೆ ತಿರುಗಿ ಬಂದವರ ಕೋಪವನ್ನು ಬಸಣ್ಣ ಹೇಗೋ ಸಮಾಧಾನ ಮಾಡಿದರು. ಐದು ಅಂಗಿಯನ್ನೂ ನನ್ನ ಹೆಂಡತಿ ರಂಗಮ್ಮ ಒಗೆದಳು. ಅಂದಿನಿಂದ ಒಣಗಿದ ಪರದೆಯನ್ನು ಕಪ್ಪು ಬಟ್ಟೆಯಿಂದ ಉಜ್ಜಿ ನೋಡದೆ ಯಾರಿಗೂ ಕೊಡಲಿಲ್ಲ.

ಆ ದಿನಗಳಲ್ಲೇ ಒಬ್ಬ ಗುತ್ತಿಗೆದಾರರು ಅಂಡಮಾನಿನಲ್ಲಿ ಕಟ್ಟುತ್ತಿದ್ದ ಒಂದು ವಸತಿಗೃಹಕ್ಕೆ ಬಣ್ಣ ಬಳಿಯುವವರನ್ನು ಹುಡುಕುತ್ತ ತಿಪಟೂರಿಗೆ ಬಂದರು. ಏಳು ತಿಂಗಳ ಕೆಲಸ. ನಾನು ಬರುತ್ತೇನೆಂದು ಬಾಯಿ ತಪ್ಪಿ ಹೇಳಿದಂತೆ ಹೇಳಿಬಿಟ್ಟೆ. ಮೇಷ್ಟ್ರು ಕೆಂಡವಾದರು.

"ಗೋಡೆಗೆ ಬಣ್ಣ ಬಳ್ಯಾಕೆ ಅಷ್ಟು ದೂರ ಹೋಗ್ತೀಯೇನ್ಲಾ? ಕಲಾವಿದನನ್ನ ಮಾಡ್ದೆ ನಿನ್ನ. ಹೋದ್ರೆ ಮತ್ತೆ ಈ ಮೆಟ್ಲು ಹತ್ಬೇಡ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚಿತ್ರ ಬರೆಯುವವನು ಸುಣ್ಣಬಣ್ಣದವನಾಗಿ ಹೋಗುವುದೆಂದರೆ ನಮ್ಮ ಕಸುಬಿನಲ್ಲಿ ಮೆಟ್ಟಿಲು ಇಳಿದಂತೆ. ಮನೆಗೆ ಬಂದು ನಡೆದದ್ದನ್ನು ಹೇಳಿದೆ. ರಂಗಮ್ಮ ರಾಗಿ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಊರೋರ ಮದ್ವೆಗೆಲ್ಲಾ ಸಮುದ್ರ ಬರ್ಕೊಟ್ರಿ. ನೀವು ಒಂದ್ಸಲನಾದ್ರೂ ನೋಡ್ಬ್ಯಾಡ್ವಾ? ಹೋಗಿ ಬನ್ನಿ. ಮೇಷ್ಟ್ರು ಸಿಟ್ಟು ನಾನು ನೋಡ್ಕತೀನಿ."

ಮದ್ರಾಸಿನಿಂದ ಹಡಗು. ಮೂರು ದಿನವೂ ವಾಂತಿ. ನಾಲ್ಕನೆಯ ಬೆಳಗ್ಗೆ ಯಾರೋ "ನೆಲ, ನೆಲ" ಎಂದು ಕೂಗಿದ್ದು ಕೇಳಿ ಕಂಬಿ ಹಿಡಿದುಕೊಂಡು ಹೊರಗೆ ಬಂದೆ.

ಅಂಗಿಯ ಜೇಬಿನಲ್ಲಿ ನನ್ನ ಅತ್ಯುತ್ತಮ ಪರದೆಯ ಫೋಟೋ ಇತ್ತು. ಅಲ್ಲಿನವರಿಗೆ ತೋರಿಸಿ ಮೆಚ್ಚಿಸಬೇಕೆಂದು ತಂದಿದ್ದೆ. ಆ ಬೆಳಗ್ಗೆಯ ನಂತರ ಅದನ್ನು ಹೊರಗೆ ತೆಗೆಯಲಿಲ್ಲ. ನಾನು ಬರೆದದ್ದು ಒಂದೂ ಸರಿಯಿರಲಿಲ್ಲ. ದೂರದ ದ್ವೀಪ ಹಸಿರಲ್ಲ, ಬೂದಿಯ ಬಣ್ಣಕ್ಕೆ ಹನಿ ನೀಲಿ ಬೆರೆಸಿದಂತೆ, ಊದಿದರೆ ಹಾರಿಹೋಗುವಂತೆ ಇತ್ತು. ಹತ್ತಿರ ಹೋದಂತೆ ಮೊದಲು ಅದರ ನೆರಳುಗಳು ಕಂಡವು, ಆಮೇಲೆ ಹಸಿರು. ನೀರಂತೂ ನೀಲಿಯೇ ಅಲ್ಲ. ದಡದ ಹತ್ತಿರ ಎಳನೀರಿನಂತೆ ತೆಳು, ಆಮೇಲೆ ಗಿಳಿಹಸಿರು, ಕೆಳಗೆ ಬಂಡೆಯಿದ್ದಲ್ಲಿ ನೇರಳೆ, ಅದರಾಚೆ ಮಾತ್ರ ಕಡುನೀಲಿ. ತೆಂಗಿನ ಮರಗಳು ನಮ್ಮ ತೋಟದವುಗಳಂತೆ ನೆಟ್ಟಗೆ ನಿಂತಿರಲಿಲ್ಲ, ಬೆಳಕಿಗಾಗಿ ನೀರಿನ ಮೇಲಕ್ಕೆ ಬಾಗಿ ಮತ್ತೆ ತಲೆಯೆತ್ತಿದ್ದವು. ಕೆಂಪಣ್ಣನಿಂದ ಕಲಿತದ್ದು ಅಲ್ಲೂ ನಿಜವಾಗಿತ್ತು, ಗರಿಗೊಂದು ಗೊನೆ. ಅದೊಂದೇ ಸಮಾಧಾನ.

ಏಳು ತಿಂಗಳು ಹಗಲೆಲ್ಲ ಗೋಡೆ ಬಳಿದೆ. ಕೆಲಸಕ್ಕೆ ಮುಂಚಿನ ಎರಡು ಗಂಟೆ ನನ್ನದು. ಮುರಿದ ಪ್ಲೈವುಡ್ ತುಂಡುಗಳನ್ನು ಕೇಳಿ ಪಡೆದು, ದಿನಾ ಒಂದೇ ಬಂಡೆಯ ಮೇಲೆ ಕುಳಿತು ಬರೆದೆ. ಮೊದಲ ತಿಂಗಳು ನೀರು ಮಾತ್ರ. ಎರಡನೆಯ ತಿಂಗಳು ಅಲೆ ಹಿಂದೆ ಸರಿದ ಮೇಲೆ ಉಳಿಯುವ ಒದ್ದೆ ಮರಳು. ಒದ್ದೆ ಮರಳು ಒಣ ಮರಳಿಗಿಂತ ಕಪ್ಪು, ಆದರೆ ಅದೇ ಕನ್ನಡಿಯಂತೆ ಆಕಾಶವನ್ನೂ ತೋರಿಸುತ್ತದೆ. ಕಪ್ಪನ್ನೂ ಹೊಳಪನ್ನೂ ಒಂದೇ ಜಾಗದಲ್ಲಿ ತರುವುದಕ್ಕೆ ನನಗೆ ಮೂವತ್ತು ತುಂಡು ಪ್ಲೈವುಡ್ ಬೇಕಾಯಿತು. ನನ್ನ ಜೊತೆಯ ಬಣ್ಣದವರು ಮೊದಮೊದಲು ತಮಾಷೆ ಮಾಡಿದರು, ಆಮೇಲೆ ತಮ್ಮ ತಮ್ಮ ಮನೆಗೆ ಕಳಿಸಲು ಒಂದೊಂದು ತುಂಡು ಕೇಳಿದರು.

ಮನೆಗೆ ನಾನೂ ಒಂದು ಕಾರ್ಡು ಹಾಕಿದೆ, ಹಿಂದೆ ಅಲೆಯ ಚಿತ್ರ ಬರೆದು. ರಂಗಮ್ಮ ಯಾರಿಂದಲೋ ಉತ್ತರ ಬರೆಸಿದ್ದಳು: ಕಾರ್ಡು ತಲುಪಿತು, ಸಮುದ್ರದ ನೀರು ಉಪ್ಪಗಿರುತ್ತದೆಂದು ನಮ್ಮ ಮಗಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ, ಅವಳು ಚಿತ್ರವನ್ನು ನೆಕ್ಕಿ ನೋಡಿದಳು, ಚಪ್ಪೆ ಇದೆಯಂತೆ. ಓದಿ ನಕ್ಕೆ. ನಕ್ಕು ಸ್ವಲ್ಪ ಹೊತ್ತು ಆ ಬಂಡೆಯ ಮೇಲೆಯೇ ಕೂತಿದ್ದೆ. ಊರು ಬಹಳ ದೂರವಿತ್ತು.

ವಾಪಸು ಬಂದವನು ಮೇಷ್ಟ್ರ ಮನೆಯ ಮೆಟ್ಟಿಲು ಹತ್ತಲಿಲ್ಲ. ಬಸಣ್ಣನ ಹತ್ತಿರ ಹೋಗಿ, ಹಳೆಯ ಪರದೆ ತೆಗೆದುಬಿಡಿ, ಕೂಲಿ ಬೇಡ, ಬಟ್ಟೆ ಬಣ್ಣ ಕೊಡಿಸಿ ಸಾಕು ಎಂದೆ. ಅವರು ಒಪ್ಪಿದರು. ಗೋದಾಮಿನಲ್ಲಿ ಒಂದು ತಿಂಗಳು ಹಿಡಿಯಿತು. ಬೆಳಗಿನ ದ್ವೀಪ, ಎಡಗಡೆಯಿಂದ ನೀರಿನ ಮೇಲೆ ಬಾಗಿದ ಎರಡು ಮರ, ಕೆಳಗೆ ಒದ್ದೆ ಮರಳು. ನೀರು ಆಕಾಶ ಸೇರುವಲ್ಲಿ ಗೆರೆಯನ್ನೇ ಎಳೆಯಲಿಲ್ಲ, ಒಂದು ಇನ್ನೊಂದರಲ್ಲಿ ಕರಗುವಂತೆ ಬಿಟ್ಟೆ.

ಪರದೆ ಕಟ್ಟಿದ ಮೂರನೆಯ ದಿನ ಮಧ್ಯಾಹ್ನ ಮೇಷ್ಟ್ರು ಸ್ಟುಡಿಯೋಕ್ಕೆ ಬಂದರು. ರಂಗಮ್ಮ ಹೋಗಿ ಹೇಳಿದ್ದಳೆಂದು ಆಮೇಲೆ ಗೊತ್ತಾಯಿತು. ನಾನು ಕ್ಯಾಮೆರಾದ ಹಿಂದೆ ಗೋಡೆಗೆ ಅಂಟಿಕೊಂಡು ನಿಂತೆ. ಅವರು ನನ್ನ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಪರದೆಯ ಹತ್ತಿರ ಹೋದರು, ದೂರ ಬಂದರು, ಮತ್ತೆ ಹತ್ತಿರ ಹೋದರು.

"ಇಲ್ಲಿ ನೇರಳೆ ಯಾಕೆ ಹಾಕ್ದೆ?"

"ಅಲ್ಲಿ ತಳದಲ್ಲಿ ಬಂಡೆ ಇದೆ ಮೇಷ್ಟ್ರೇ."

"ಬಂಡೆ ನೀನು ಬರ್ದಿಲ್ವಲ್ಲ."

"ಇಲ್ಲ. ಅದು ಕಾಣಲ್ಲ. ನೀರಿಗೆ ಮಾತ್ರ ಗೊತ್ತಾಗುತ್ತೆ."

ಬಗ್ಗಿ ಆ ನೇರಳೆಯನ್ನು ಮತ್ತೊಮ್ಮೆ ನೋಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಬೀದಿಯ ಕಡೆ ಮುಖ ಮಾಡಿಯೇ ಹೇಳಿದರು: "ನಾಳೆ ಬಾ. ಇನ್ಮೇಲೆ ನೀರು, ಮರ, ಆಕಾಶ ಎಲ್ಲಾ ನೀನು ನೋಡ್ಕೊ. ಅಕ್ಷರ ನಾನು ಬರೀತೀನಿ."

ನಲವತ್ತು ವರ್ಷ ಕುಂಚ ಹಿಡಿದ ಮನುಷ್ಯ ತನ್ನ ಶಿಷ್ಯನಿಗೆ ಅರ್ಧ ಅಂಗಡಿ ಬಿಟ್ಟುಕೊಟ್ಟ ಮಾತದು. ನನಗೆ ಸಿಕ್ಕ ಬಡ್ತಿ ಅದೊಂದೇ, ಅದಕ್ಕೇ ಇಲ್ಲಿ ಬರೆದೆ.

ಆ ಪರದೆಗೆ ಜನ ಹುಳಿಯಾರಿನಿಂದ, ತುರುವೇಕೆರೆಯಿಂದ ಬಸ್ಸು ಹತ್ತಿ ಬಂದರು. ಹಾಲ್ಕುರಿಕೆಯ ಒಬ್ಬ ತೋಟದ ಯಜಮಾನರು ಹೆಂಡತಿಯ ಬಲವಂತಕ್ಕೆ ಬಂದು, ಪರದೆ ನೋಡಿ ಗೊಣಗಿದ್ದು ಈಗಲೂ ನೆನಪಿದೆ.

"ಮನೆ ಸುತ್ತ ತೆಂಗಿನ ಮರ ಸಾಲ್ದೂ ಅಂತ ಇಲ್ಲಿಗೆ ಬಂದು, ಕಾಸು ಕೊಟ್ಟು, ಮತ್ತೆ ತೆಂಗಿನ ಮರದ ಕೆಳಗೇ ನಿಂತ್ಕಬೇಕಾ?"

ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ, "ಮರ ನಿಮ್ದು ಅಂದ್ಕಳಿ, ನೀರು ನಂದು. ನಿಂತ್ಕಳಿ ಸುಮ್ನೆ" ಎಂದರು. ಆ ಫೋಟೋದಲ್ಲಿ ಯಜಮಾನರು ನಗುತ್ತಿದ್ದಾರೆ. ಬಸಣ್ಣ ಅದನ್ನು ವರ್ಷಗಟ್ಟಲೆ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು.

ಆಮೇಲೆ ತೆಂಗಿಗೆ ನುಸಿ ಬಿದ್ದ ವರ್ಷಗಳು ಬಂದವು. ಕಣ್ಣಿಗೆ ಕಾಣದ ಹುಳ ಎಳೆಗಾಯಿಯ ತೊಟ್ಟಿನಡಿ ಸೇರಿ ರಸ ಹೀರುತ್ತಿತ್ತು. ಕಾಯಿ ಬೆಳೆಯದೆ ಕಂದು ಬಣ್ಣಕ್ಕೆ ಬಿರಿದು, ಮುಷ್ಟಿಯಷ್ಟಾಗಿ ಉಳಿಯುತ್ತಿತ್ತು. ಒಬ್ಬ ಕೃಷಿ ಅಧಿಕಾರಿ ನನ್ನನ್ನು ಹುಡುಕಿಕೊಂಡು ಬಂದರು. ರೋಗ ತಗುಲಿದ ಮೊದಲ ಗುರುತು ರೈತರಿಗೆ ತಿಳಿಯಬೇಕು, ಅಚ್ಚು ಹಾಕಿಸಿದ ಕಾಗದದಲ್ಲಿ ಅದು ಕಾಣುತ್ತಿಲ್ಲ, ದೊಡ್ಡದಾಗಿ ಬರೆದುಕೊಡುತ್ತೀರಾ ಎಂದರು. ಕೆಂಪಣ್ಣ ಮರ ಹತ್ತಿ ಬೇರೆ ಬೇರೆ ತಿಂಗಳ ಕಾಯಿಗಳನ್ನು ಇಳಿಸಿಕೊಟ್ಟ. ತೊಟ್ಟಿನ ಕೆಳಗೆ ಮೂರು ಮೂಲೆಯ ಬಿಳಚು ಮಚ್ಚೆ, ಅದು ಹಳದಿಗೆ ತಿರುಗುವ ಬಗೆ, ಆಮೇಲಿನ ಕಂದು ಬಿರುಕು. ಎಲ್ಲವನ್ನೂ ಆಳೆತ್ತರದ ಹಲಗೆಗಳ ಮೇಲೆ ಬರೆದೆ. ಅಧಿಕಾರಿ ಆ ಹಲಗೆಗಳನ್ನು ಊರೂರಿಗೆ ಹೊತ್ತೊಯ್ದರು. ಒಂದು ಸಭೆಯಲ್ಲಿ ರೈತನೊಬ್ಬ ನನ್ನ ಹಲಗೆಯ ಪಕ್ಕ ತನ್ನ ತೋಟದ ಹರಳುಗಾಯಿ ಹಿಡಿದು, ಎರಡನ್ನೂ ಹೋಲಿಸಿ, "ಅಯ್ಯೋ, ನಮ್ದಕ್ಕೂ ಬಂದೈತೆ ಕಣ್ರೀ" ಎಂದದ್ದನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಸಂತೋಷ ಪಡುವ ಹೊತ್ತಲ್ಲ ಅದು. ಆದರೂ, ನಾನು ದ್ವೀಪಕ್ಕಾಗಿ ಕಲಿತ ತೆಂಗು ನನ್ನ ಸೀಮೆಯ ಉಪಯೋಗಕ್ಕೆ ಬಂತಲ್ಲ ಎಂದು ಎದೆ ತುಂಬಿತು.

ಹೊಸ ಶತಮಾನದ ಮೊದಲ ವರ್ಷಗಳಲ್ಲೇ ಕಂಪ್ಯೂಟರು ಬಂತು. ಬಸಣ್ಣನವರ ಮಗ ಸ್ಟುಡಿಯೋ ವಹಿಸಿಕೊಂಡ. ಜನ ಈಗ ಬರೀ ನೀಲಿ ಬಟ್ಟೆಯ ಮುಂದೆ ನಿಲ್ಲುತ್ತಿದ್ದರು, ಹಿಂದಿನ ಸಮುದ್ರ ಆಮೇಲೆ ಯಂತ್ರದೊಳಗೆ ಸೇರುತ್ತಿತ್ತು. ಬಸಣ್ಣ ನನ್ನ ಪರದೆಯನ್ನು ಸುತ್ತಿ, ಹೆಗಲ ಮೇಲೆ ಹೊತ್ತು, ತಾವೇ ನನ್ನ ಮನೆಗೆ ತಂದುಕೊಟ್ಟರು. "ಅಟ್ಟದ ಮ್ಯಾಲೆ ಹಾಕಿ ಇಲಿಗೆ ಬುಡಾಕೆ ಮನ್ಸು ಬರ್ಲಿಲ್ಲ ಕಣಪ್ಪ" ಎಂದರು. ಅಂಗಡಿ ಬೋರ್ಡುಗಳಿಗೆ ಫ್ಲೆಕ್ಸ್ ಬಂತು. ಮೇಷ್ಟ್ರು ಆ ಹೊತ್ತಿಗೆ ತೀರಿಕೊಂಡಿದ್ದರು. ಅಕ್ಷರಕ್ಕೆ ಬಂದ ಗತಿಯನ್ನು ಅವರು ನೋಡಲಿಲ್ಲ.

ಯಂತ್ರವನ್ನು ಬೈಯಲು ನಾನಿಲ್ಲಿ ಕೂತಿಲ್ಲ. ನಾನೂ ಒಂದು ವಾರ ಮೌಸ್ ಹಿಡಿದು ನೋಡಿದೆ, ಅದು ನನ್ನ ಕೈಗೆ ಒಗ್ಗಲಿಲ್ಲ. ಒಗ್ಗಿದವರು ಮಾಡಲಿ, ಆದರೆ ಅವರೂ ಸಮುದ್ರ ನೋಡಿ ಬಂದು ಮಾಡಲಿ. ನಾನು ಶಾಲೆಗಳ ಗೋಡೆಗೆ, ಕಲ್ಯಾಣ ಮಂಟಪದ ವೇದಿಕೆಗೆ ತಿರುಗಿದೆ. ಕೆಲಸ ಕಡಿಮೆಯಾಯಿತು, ಕೈ ಮಾತ್ರ ಹಿಂದೆಂದಿಗಿಂತ ಚೆನ್ನಾಗಿತ್ತು.

ಕೊನೆಯ ದೊಡ್ಡ ಕೆಲಸದ ವಿಷಯ ಹೇಳಿ ಮುಗಿಸುತ್ತೇನೆ. ತಿಪಟೂರು ತಾಲೂಕಿನ ಒಂದು ಹಳ್ಳಿಯಲ್ಲಿ ಹೊಸ ಸಮುದಾಯ ಭವನ ಕಟ್ಟಿದ್ದರು. ಊಟದ ಹಾಲಿನ ಉದ್ದನೆಯ ಗೋಡೆ ಬೋಳಾಗಿತ್ತು. ಅದರ ಮೇಲೆ ದ್ವೀಪ ಬರೆಸಬೇಕೆಂದು ಸಮಿತಿಯ ಹಿರಿಯರಾದ ಶಿವಣ್ಣನವರ ಆಸೆ. ಸಮಿತಿಯ ಯುವಕರು ಫ್ಲೆಕ್ಸ್ ಸಾಕೆಂದರು. ಯಾವುದೋ ದೇಶದ ದ್ವೀಪದ ಫೋಟೋ, ಒಂದೇ ದಿನದಲ್ಲಿ ಅಂಟಿಸಿ ಹೋಗಬಹುದು. ಮಾದರಿಯನ್ನೂ ತಂದಿದ್ದರು, ಚೆನ್ನಾಗಿಯೇ ಇತ್ತು.

"ಅರ್ಧ ಗೋಡೆ ಅವರು ಅಂಟಿಸ್ಲಿ. ಅರ್ಧ ನನಗೆ ಕೊಡಿ, ಹತ್ತು ದಿನ. ಆಮೇಲೆ ಯಾವುದು ಇರಬೇಕೋ ನೀವೇ ಹೇಳಿ" ಎಂದೆ.

ಶಿವಣ್ಣ ನನ್ನನ್ನೇ ನೋಡಿದರು. "ಚಿತ್ತಯ್ಯ, ನಿನ್ ಮೇಲೆ ಗೌರವ ಐತೆ. ಆದ್ರೆ ಹುಡುಗ್ರು ಒಪ್ಲಿಲ್ಲ ಅಂದ್ರೆ ಸುಣ್ಣ ಹೊಡೆಸ್ತೀನಿ. ಬೇಜಾರ್ ಮಾಡ್ಕಬಾರ್ದು."

"ನಾನೇ ಹೊಡೀತೀನಿ" ಎಂದೆ. ಮಾತು ಗಟ್ಟಿಯಾಗಿಯೇ ಬಂತು. ಒಳಗೆ ಹೆದರಿಕೆಯಿತ್ತು. ಹೆಗಲು ಆಗಲೇ ಕೈ ಕೊಡುತ್ತಿತ್ತು. ಈ ಗೋಡೆ ಹೋದರೆ ಇನ್ನೊಂದು ಸಿಗುವುದಿಲ್ಲವೆಂದು ಗೊತ್ತಿತ್ತು.

ಹತ್ತು ದಿನ ಗೋಡೆಗೆ ಕಂಬ ಹಲಗೆ ಕಟ್ಟಿದ ಸಾರ್ವೆಯ ಮೇಲೆ ಕಳೆದೆ. ಮೇಲಿನ ಕೆಲಸ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ಮಾಡಿದೆ. ದ್ವೀಪ, ಮರ, ನೀರು ಮುಗಿದವು. ಕೊನೆಯ ದಿನ ಗೋಡೆಯ ಬುಡದಲ್ಲಿ ಒದ್ದೆ ಮರಳು ಬರೆಯುತ್ತಿದ್ದಾಗ, ಅಲೆ ಇಲ್ಲಿಗೇ ಯಾಕೆ ನಿಲ್ಲಬೇಕು ಅನ್ನಿಸಿತು. ಸಿಮೆಂಟಿನ ನೆಲದ ಮೇಲಕ್ಕೂ ಇಳಿಸಿದೆ. ಗೋಡೆಯಿಂದ ನಾಲ್ಕಡಿ ಮುಂದಕ್ಕೆ, ಊಟದ ಹಾಲಿನಿಂದ ಕೈ ತೊಳೆಯುವ ಕಡೆಗೆ ಹೋಗುವ ದಾರಿಗೆ ಅಡ್ಡವಾಗಿ, ತೆಳ್ಳಗೆ ಹರಡಿದ ನೀರು, ಅದರ ಅಂಚಿಗೆ ನೊರೆ.

ಮರುದಿನ ಮಧ್ಯಾಹ್ನ ಭವನದ ಮೊದಲ ಊಟ. ನಾನು ಬೆಳಗ್ಗೆಯಿಂದ ಒಂದು ಮೂಲೆಯಲ್ಲಿ ಕುಂಚ ತೊಳೆಯುವವನಂತೆ ನಿಂತಿದ್ದೆ. ಒಂದರ್ಧ ಗೋಡೆಯಲ್ಲಿ ಫ್ಲೆಕ್ಸ್ ಥಳಥಳ ಹೊಳೆಯುತ್ತಿತ್ತು, ಇನ್ನೊಂದರ್ಧದಲ್ಲಿ ನನ್ನದು. ಊಟ ಮುಗಿದ ಮೊದಲ ಪಂಕ್ತಿಯವರು ಇನ್ನೂ ಏಳುತ್ತಿದ್ದರು. ಕೋಲೂರಿಕೊಂಡ ಒಬ್ಬ ಅಜ್ಜಿ ಎಲ್ಲರಿಗಿಂತ ಮುಂದೆ ಕೈ ತೊಳೆಯಲು ಹೊರಟವಳು, ನೊರೆಯ ಅಂಚಿಗೆ ಬಂದು ನಿಂತುಬಿಟ್ಟಳು. ಕೋಲನ್ನು ಹಿಂದಕ್ಕೆ ಎಳೆದುಕೊಂಡಳು. ಸುತ್ತ ನೋಡಿದಾಗ ಹತ್ತಿರ ಕಂಡವನು ನಾನು.

"ಏನಪ್ಪ, ಎಷ್ಟು ಆಳ ಐತೆ?"

ಬಣ್ಣ ಕಣಜ್ಜಿ, ಬನ್ನಿ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಪಾದ ಮುಳುಗೋ ಅಷ್ಟೇ ಅಜ್ಜಿ."

ಅಜ್ಜಿ ಎಂಜಲು ಕೈಯನ್ನು ಮೇಲೆ ಹಿಡಿದು, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆಯನ್ನು ಗೇಣುದ್ದ ಎತ್ತಿಕೊಂಡಳು. ಬಲಗಾಲು ಮುಂದಿಟ್ಟಳು, ಆಮೇಲೆ ಎಡಗಾಲು. ನಾಲ್ಕು ಹೆಜ್ಜೆ. ಆಚೆ ದಾಟಿ, ನೆರಿಗೆ ಬಿಟ್ಟು, ಸೀರೆಯ ಅಂಚು ಮುಟ್ಟಿ ನೋಡಿಕೊಂಡಳು. ಆಗ ಪಂಕ್ತಿಯಿಂದ ನಗು ಎದ್ದಿತು. ಅಜ್ಜಿ ಕೋಲು ಕೈಗೆ ತೆಗೆದುಕೊಂಡು ತಿರುಗಿದಳು.

"ಏನ್ಲಾ ನಗ್ತೀರ? ಸೀರೆ ನೆಂದಿದ್ರೆ ನೀವು ಒಗ್ದುಕೊಡ್ತಿದ್ರಾ?"

ನಗು ಇನ್ನೂ ಜೋರಾಯಿತು, ಅಜ್ಜಿಯೂ ನಕ್ಕಳು. ನಾನು ಮಾತ್ರ ನಗಲಿಲ್ಲ. ನನ್ನ ಕಣ್ಣು ಮಂಜಾಗಿತ್ತು, ಕೈಯಲ್ಲಿದ್ದ ಕುಂಚದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳ ಹಿಂದೆ ಬಂದವರಲ್ಲಿ, ಅದು ಬಣ್ಣವೆಂದು ಚೆನ್ನಾಗಿ ಗೊತ್ತಿದ್ದವರು ಕೂಡ, ಆ ನಾಲ್ಕಡಿಯನ್ನು ತುಳಿಯದೆ ಸುತ್ತಿಕೊಂಡು ಹೋದರು.

ಶಿವಣ್ಣ ಫ್ಲೆಕ್ಸ್ ತಂದಿದ್ದ ಯುವಕನ ಕಡೆ ನೋಡಿದರು. ಅವನು ಎದ್ದು ಹೋಗಿ, ತಾನೇ ಅದರ ಒಂದು ಮೂಲೆ ಬಿಚ್ಚತೊಡಗಿದ. ಶಿವಣ್ಣ ನನ್ನ ಹತ್ತಿರ ಬಂದರು.

"ಉಳಿದರ್ಧ ಯಾವಾಗ ಶುರು ಮಾಡ್ತೀಯಪ್ಪ?"

"ನಾಳೆ" ಎಂದೆ.

ಮಾರನೆಯ ಬೆಳಗ್ಗೆ ಆರು ಗಂಟೆಗೆ ನಾನು ಸಾರ್ವೆಯ ಮೇಲಿದ್ದೆ.